ಕಾಲು ಮುಂದಾಗಿ ಹುಟ್ಟಿದವರು

ಸಂತೆಮರಹಳ್ಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಸೀಟಿನ ಕೆಳಗೆ ತುರುಕಿದ್ದ ಚೀಲವನ್ನು ಬಗ್ಗಿ ಎಳೆದೆ. ಚೀಲ ಬಂತು, ನನಗೆ ಮೇಲೇಳಲಾಗಲಿಲ್ಲ. ಸೊಂಟದ ಎಡಗಡೆ ಚಳುಕ್ ಎಂದದ್ದು ಅಲ್ಲೇ ಕಚ್ಚಿ ಹಿಡಿಯಿತು. ಉಸಿರು ಎಳೆದುಕೊಂಡರೂ ನೋವು, ಬಿಟ್ಟರೂ ನೋವು. ಪಕ್ಕದ ಸೀಟಿನಲ್ಲಿ ಕನಕಾಂಬರದ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಬುಟ್ಟಿಯನ್ನು ಕೆಳಗಿಟ್ಟು, ಏನೂ ಕೇಳದೆ ನನ್ನ ಬೆನ್ನ ಮೇಲೆ ಅಂಗೈ ಊರಿದಳು. "ಉಸ್ರು ಹಿಡೀಬ್ಯಾಡಿ ಕನಕ್ಕ, ಬುಡಿ, ವಸಿ ವಸಿಯಾಗಿ ಬುಡಿ" ಅಂದಳು. ಆ ಕೈಯ ಬಿಸಿಗೆ ಅರ್ಧ ಎದ್ದು ನಿಂತೆ. ಇನ್ನರ್ಧ ಏಳಲು ಮೂರು ದಿನ ಬೇಕಾಯಿತು.

ಯಳಂದೂರು ನನಗೆ ಚಿಕ್ಕಮ್ಮನ ಊರು. ಅವರ ಮಗಳು ಮಸ್ಕತ್ತಿನಲ್ಲಿ ನರ್ಸು. ಒಂದು ತಿಂಗಳ ರಜೆಗೆ ಬಂದಿದ್ದಳು. ಚಿಕ್ಕಂದಿನಲ್ಲಿ ನಾವಿಬ್ಬರೂ ಕೂಡಿ ಓಡಾಡಿದ ಬಳೆ ಮಂಟಪವನ್ನೂ ಬಿಳಿಗಿರಿರಂಗನ ಬೆಟ್ಟವನ್ನೂ ಇನ್ನೊಮ್ಮೆ ಒಟ್ಟಿಗೆ ನೋಡಿ ಬರೋಣ ಎಂದು ಕರೆದಿದ್ದಳು. ನಾನು ಗೋಡೆ ಹಿಡಿದುಕೊಂಡು ಹೊಸ್ತಿಲು ದಾಟಿದ್ದನ್ನು ನೋಡಿ ಚಿಕ್ಕಮ್ಮ ಮೊದಲು ಆಡಿದ ಮಾತು, "ಸೊಂಟ ಹಿಡ್ಕಂಡದೆ. ಕಾಲು ಮುಂದಾಗಿ ಹುಟ್ಟಿರೋರು ಬಂದು ತುಳೀಬೇಕು. ಹಂಗ್ ಹುಟ್ಟಿರೋ ಅಜ್ಜಿ ಒಬ್ರವ್ರೆ, ಕರುಸ್ತೀನಿ."

ನಮ್ಮ ಕಡೆ ಈ ಮಾತು ಕೇಳದೆ ಬೆಳೆದವರು ಕಡಿಮೆ. ತಾಯಿಯ ಹೊಟ್ಟೆಯಿಂದ ಮಗು ತಲೆ ಮುಂದಾಗಿ ಬರಬೇಕು. ಕೆಲವು ಮಕ್ಕಳು ತಿರುಗದೆ ಕೂತು ಕಾಲು ಮುಂದೆ ಮಾಡಿ ಬರುತ್ತವೆ. ತಾಯಿಯನ್ನೂ ತನ್ನನ್ನೂ ಸಾವಿನ ಬಾಯಿಗೆ ಒಡ್ಡಿ ಉಳಿದು ಬಂದ ಅಂಥ ಮಗುವಿನ ಕಾಲಿಗೆ ಸೊಂಟ ಹಿಡಿತ ಬಿಡಿಸುವ ಗುಣ ಇರುತ್ತದೆ ಅನ್ನುವುದು ನಂಬಿಕೆ. ಊರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಹೊಲದಲ್ಲಿ ಮೂಟೆ ಎತ್ತಿ ಸೊಂಟ ಸಿಕ್ಕಿಸಿಕೊಂಡವರು, ಬಾವಿಯಿಂದ ಕೊಡ ಸೇದುವಾಗ ಉಳುಕಿಸಿಕೊಂಡವರು ಹುಡುಕಿಕೊಂಡು ಹೋಗುತ್ತಾರೆ. ಅವರು ದುಡ್ಡು ಮುಟ್ಟುವುದಿಲ್ಲ. ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ ಅನ್ನುತ್ತಾರೆ. ಎಲೆ ಅಡಿಕೆ ಇಸಿದುಕೊಳ್ಳುತ್ತಾರೆ.

ತಂಗಿ ಅಮ್ಮನ ಮಾತಿಗೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ನನ್ನನ್ನು ಚಾಪೆಯ ಮೇಲೆ ಮಲಗಿಸಿ ಒಂದೊಂದೇ ಕೇಳಿದಳು. ಕಾಲಿಗೆ ಜೋಮು ಇಳಿಯುತ್ತಾ ಇದೆಯಾ? ಹೆಬ್ಬೆರಳು ಮೇಲಕ್ಕೆ ಎತ್ತು ನೋಡೋಣ. ಉಚ್ಚೆ ಕಟ್ಟಿದೆಯಾ? ಜ್ವರ ಬಂದಿತ್ತಾ? ಈಚೆಗೆ ಬಿದ್ದಿದ್ದೆಯಾ? ಎಲ್ಲಕ್ಕೂ ಇಲ್ಲ ಅಂದೆ. ಮಲಗಿದ ಹಾಗೇ ಕಾಲನ್ನು ನೆಟ್ಟಗೆ ಎತ್ತಿ ನೋಡಿದಳು. "ಬರೀ ಸ್ನಾಯು ಹಿಡಿದಿರೋದು ಅಕ್ಕ. ಬರಲಿ ಬಿಡು ಅಜ್ಜಿ. ಇದರಲ್ಲಿ ಒಂದಕ್ಕೆ ಹೌದು ಅಂದಿದ್ದರೂ ನಿನ್ನನ್ನ ಈಗಲೇ ಆಸ್ಪತ್ರೆಗೆ ಹಾಕಿಕೊಂಡು ಹೋಗ್ತಿದ್ದೆ" ಅಂದಳು.

ಆಮೇಲೆ ಕೂತು ಹೇಳಿದ್ದು ಅವಳ ಕೋಣೆಯ ಗೆಳತಿಯ ಕಥೆ. ಫಿಲಿಪೀನ್ಸಿನ ಬಟಾಂಗಾಸ್ ಕಡೆಯ ಹೆಣ್ಣು, ಇವಳ ವಾರ್ಡಿನಲ್ಲೇ ನರ್ಸು. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದ ರಾತ್ರಿ ತಂಗಿಯ ಹೆಗಲು ಕಲ್ಲಾಗಿರುತ್ತಿತ್ತು. ಗೆಳತಿ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿಕೊಂಡು ಕತ್ತಿನ ಬುಡದಿಂದ ಹೆಬ್ಬೆರಳು ಊರಿಕೊಂಡು ಬರುತ್ತಿದ್ದಳು. ಒಂದು ಕಡೆ ಬಂದು ನಿಲ್ಲುವಳು. "ಇಲ್ಲಿದೆ ಲಮಿಗ್" ಅನ್ನುವಳು. ಲಮಿಗ್ ಅಂದರೆ ಅವರ ಭಾಷೆಯಲ್ಲಿ ಥಂಡಿ. ಸ್ನಾಯುವಿನೊಳಗೆ ಥಂಡಿ ಗಂಟುಕಟ್ಟಿ ಕೂತಿದೆ, ಅದನ್ನು ಕರಗಿಸಬೇಕು ಅನ್ನುವುದು ಅವರ ಲೆಕ್ಕ. ನಮ್ಮವರು ಅದನ್ನೇ ಸೀತ ಅನ್ನುತ್ತಾರೆ, ವಾಯು ಕಟ್ಟಿದೆ ಅನ್ನುತ್ತಾರೆ. ಬಿಸಿಲಿನಿಂದ ಬಂದ ಮೈಗೆ ತಣ್ಣೀರು ಸುರಿದುಕೊಳ್ಳಬೇಡ ಅನ್ನುವ ನಮ್ಮ ಅಜ್ಜಿಯಂದಿರ ಗದರಿಕೆ ಅವರಲ್ಲಿ ಪಾಸ್ಮಾ ಅನ್ನುವ ಹೆಸರಿನಲ್ಲಿ ಇದೆ. ಇಡೀ ದಿನ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಬಿಸಿಯಾದ ಕೈಯನ್ನು ಕೂಡಲೇ ನೀರಿಗೆ ಅದ್ದಿದರೆ ಕೈ ನಡುಗುವ ಕಾಯಿಲೆ ಬರುತ್ತದಂತೆ. ಹೊಸಬರು ಬಂದು ಮಗುವನ್ನು ಮುದ್ದಾಗಿದೆ ಅಂದರೆ ಮಗು ಹುಷಾರು ತಪ್ಪುವುದು ಅಲ್ಲಿ ಉಸೊಗ್, ಇಲ್ಲಿ ದೃಷ್ಟಿ. ಹಾಗೆ ಅಂದವರೇ ಬೆರಳಿಗೆ ಉಗುಳು ಮುಟ್ಟಿಸಿ ಮಗುವಿಗೆ ಹಚ್ಚಬೇಕು ಅಲ್ಲಿ. ಇಲ್ಲಿ ತಾಯಿ ನಿವಾಳಿಸಿ ಮೂರು ಸಲ ಥೂ ಥೂ ಅನ್ನುತ್ತಾಳೆ.

ಈ ನೀವುವ ವಿದ್ಯೆಗೆ ಅಲ್ಲಿ ಹಿಲೋಟ್ ಎಂದು ಹೆಸರು. ಬಾಳೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಕೊಬ್ಬರಿ ಎಣ್ಣೆ ಸವರಿ ಮೈಮೇಲೆ ಎಳೆಯುತ್ತಾರೆ. ಎಲೆ ಎಲ್ಲಿ ಅಂಟಿಕೊಂಡು ನಿಲ್ಲುತ್ತದೋ ಅಲ್ಲಿ ನೋವಿನ ಬುಡ ಇದೆ ಎಂದು ಗುರುತು ಮಾಡಿಕೊಂಡು ನೀವಲು ಶುರುಮಾಡುತ್ತಾರೆ. ಹೆರಿಗೆ ಮಾಡಿಸುವವರೂ ಬಾಣಂತಿಯ ಹೊಟ್ಟೆ ನೀವಿ ಕಟ್ಟುವವರೂ ಈ ಹಿಲೋಟ್ ಕಲಿತವರೇ. ನಮ್ಮ ಸೂಲಗಿತ್ತಿಯ ಹಾಗೆ.

"ಯಾರು ಕಲೀಬಹುದು ಅಂತ ಕೇಳಿದೆ ಅಕ್ಕ" ಅಂದಳು ತಂಗಿ. "ಯಾರು ಬೇಕಾದರೂ ಕಲೀಬಹುದು, ಆದರೆ ಹುಟ್ಟಿನಿಂದಲೇ ಕೈಗುಣ ಬಂದಿರೋರು ಸುಹಿ ಅಂದಳು. ಸುಹಿ ಅಂದರೆ ಏನು ಗೊತ್ತಾ? ಕಾಲು ಮುಂದಾಗಿ ಹುಟ್ಟಿದವರು."

ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡರೆ ಅಲ್ಲಿಯ ಜನ ಸುಹಿಯ ಮನೆಗೆ ಓಡುತ್ತಾರಂತೆ. ಅವರು ಕತ್ತು ನೀವಿದರೆ ಮುಳ್ಳು ಇಳಿಯುತ್ತದೆ ಅನ್ನುವುದು ನಂಬಿಕೆ. ಕಡಲಿನ ನಡುವಿನ ಜನಕ್ಕೆ ಮೀನು ಮುಳ್ಳಿನ ಕಾಟ, ಹೊಲದ ನಡುವಿನ ನಮಗೆ ಸೊಂಟದ ಕಾಟ. ಕಾಟಕ್ಕೆ ತಕ್ಕ ಹಾಗೆ ವರವೂ ಬೇರೆಯಾಗಿದೆ. ಹುಟ್ಟುವಾಗ ತೊಡರಿದ್ದನ್ನು ದಾಟಿ ಬಂದವರು ಇನ್ನೊಬ್ಬರ ತೊಡರನ್ನು ಬಿಡಿಸಬಲ್ಲರು ಎಂದು ಎರಡು ನೆಲದ ಜನ, ಒಬ್ಬರ ಮುಖ ಒಬ್ಬರು ನೋಡದೆ ಯೋಚಿಸಿದ್ದು ಹೇಗೆ? ಆ ರಾತ್ರಿ ಮಗ್ಗುಲು ಬದಲಿಸಲಾಗದೆ ಮಲಗಿದ್ದಾಗ ಇದನ್ನೇ ಯೋಚಿಸುತ್ತಿದ್ದೆ.

ಅಜ್ಜಿ ಬಂದದ್ದು ನಾನು ಬಂದ ದಿನವೇ, ದೀಪ ಹಚ್ಚುವ ಹೊತ್ತಿಗೆ. ಎಂಬತ್ತರ ಮೇಲಿನ ವಯಸ್ಸು. ಸಣಕಲು ಮೈ, ಸೀರೆಯನ್ನು ಮೊಣಕಾಲಿನ ಕೆಳಗೆ ಎತ್ತಿ ಕಟ್ಟಿದ್ದರು. ಬಾಗಿಲಲ್ಲಿ ನಿಂತು ಹಿತ್ತಿಲ ಕಡೆಗೆ ಹೋಗಲೋ ಎಂಬಂತೆ ಒಂದು ಗಳಿಗೆ ನೋಡಿದರು. "ಇಲ್ಲೇ ಬಾರವ್ವ ಒಳೀಕೆ" ಎಂದು ಚಿಕ್ಕಮ್ಮ ಕರೆದರು. ನಲ್ಲಿಯ ಹತ್ತಿರ ಕಾಲು ತೊಳೆದು ಒಳಗೆ ಬಂದರು.

ಸೊಂಟದಿಂದ ಒಂದು ಪುಟ್ಟ ಸೀಸೆ ತೆಗೆದರು. ಒಳಗೆ ಕಪ್ಪು ಹಸಿರಿನ ಎಣ್ಣೆ. ಅಂಗಡಿಯಲ್ಲಿ ಕೊಳ್ಳುವ ತಿಳಿಯಾದ ಹರಳೆಣ್ಣೆ ಅಲ್ಲ. ಹರಳನ್ನು ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿ ಬಂದ ಎಣ್ಣೆಯನ್ನು ಬಸಿದು ತೆಗೆಯುವ ಮನೆಯ ಹರಳೆಣ್ಣೆ. ಅದಕ್ಕೆ ಲಕ್ಕಿ ಸೊಪ್ಪು ಹಾಕಿ ಮತ್ತೆ ಕಾಯಿಸಿದ್ದರು. ಮುಚ್ಚಳ ತೆಗೆದ ಕೂಡಲೇ ಸುಟ್ಟ ಹರಳಿನ ಕಮಟಿನ ಜೊತೆ ಲಕ್ಕಿಯ ಘಾಟು ಕೋಣೆಯೆಲ್ಲ ತುಂಬಿತು.

"ಬೋರಲು ಮಲೀಕ ನನ್ ಕೂಸೆ. ಎಲ್ಲಿ ಅಂತ ಹೇಳ್ಬ್ಯಾಡ. ನಾ ಹುಡಿಕ್ಕತೀನಿ."

ಮೊದಲು ಬೆರಳು. ಬೆನ್ನುಮೂಳೆಯ ಎರಡೂ ಬದಿಗೆ ನಾಲ್ಕು ಬೆರಳಿನ ತುದಿ ಊರಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ನಿಧಾನವಾಗಿ ಇಳಿಯುತ್ತಾ ಬಂದರು. ಎಡಗಡೆ ಒಂದು ಕಡೆ ಬೆರಳು ನಿಂತಿತು. ನೋವು ಇದ್ದದ್ದು ಅಲ್ಲಿಯೇ. ಅದರ ಸುತ್ತ ಎಣ್ಣೆ ಹಾಕಿ ಹೆಬ್ಬೆರಳಿನಿಂದ ಬಟ್ಟು ಬಟ್ಟಾಗಿ ತಿರುಗಿಸಿದರು. ನೋವಿನ ಮೇಲೆ ಕೈ ಇಡಲಿಲ್ಲ, ದೂರದಿಂದ ಬಳಸಿಕೊಂಡು ಹತ್ತಿರ ಬಂದರು. ಹೊಸ ಹಸುವಿನ ಹತ್ತಿರ ಹೋಗುವವರು ಹಾಗೆ ಹೋಗುತ್ತಾರೆ. ನಾನು ಹಲ್ಲು ಕಚ್ಚಿದಾಗಲೆಲ್ಲ ಕೈ ತಾನಾಗಿ ಹಗುರವಾಗುತ್ತಿತ್ತು. ನಾನು ಉಸಿರು ಬಿಟ್ಟಾಗ ಮತ್ತೆ ಇಳಿಯುತ್ತಿತ್ತು.

ಆಮೇಲೆ ಎದ್ದು ಕಿಟಕಿಯ ಸರಳು ಹಿಡಿದುಕೊಂಡು ಎಡಗಾಲಿನ ಹಿಮ್ಮಡಿಯನ್ನು ನನ್ನ ಸೊಂಟದ ಮೇಲೆ ಇಟ್ಟರು. ತುಳಿಯಬೇಕು ಅಂದಾಗ ನಾನು ಭಾರ ಬೀಳುತ್ತದೆ ಎಂದು ಹೆದರಿದ್ದೆ. ಮೈಭಾರವೆಲ್ಲ ಕಿಟಕಿಯ ಸರಳಿನಲ್ಲಿತ್ತು. ಹಿಮ್ಮಡಿ ಮೇಲಿನಿಂದ ಕೆಳಗೆ ಮೂರು ಸಲ ಜಾರಿತು, ಅಷ್ಟೆ. ಬಿರುಕು ಬಿಟ್ಟ ಹಿಮ್ಮಡಿ. ಬಿರುಕಿನ ಒಂದೊಂದು ಅಂಚೂ ಚರ್ಮಕ್ಕೆ ತಿಳಿಯುತ್ತಿತ್ತು. ಎಷ್ಟು ವರ್ಷ ಭತ್ತದ ಗದ್ದೆಯ ಕೆಸರಿನಲ್ಲಿ ನೆನೆದು, ಎಷ್ಟು ವರ್ಷ ಒಣಗಿದ ಕಾಲೋ ಅದು.

"ಇನ್ ಎಲ್ಡು ದಿವ್ಸ ಬತ್ತೀನಿ. ಮೂರು ಆಗ್ಬೇಕು" ಅಂದರು. ಚಿಕ್ಕಮ್ಮ ಎಲೆ ಅಡಿಕೆ ಕೊಟ್ಟು, ಕಾಫಿ ತಂದರು. ನಾವು ಕುಡಿಯುವ ಸ್ಟೀಲ್ ಲೋಟದಲ್ಲೇ. ನಾನು ಮಲಗಿದಲ್ಲಿಂದಲೇ ಆ ಲೋಟವನ್ನು ನೋಡುತ್ತಿದ್ದೆ. ಯಾಕೆ ನೋಡುತ್ತಿದ್ದೆ ಅನ್ನುವುದನ್ನು ಹೇಳಲೇಬೇಕು.

ನಮ್ಮೂರು ಅಗರದಲ್ಲಿ ನಮ್ಮ ಅಜ್ಜಿಗೂ ಸೊಂಟ ಹಿಡಿಯುತ್ತಿತ್ತು. ಆಗ ನನಗೆ ಏಳೋ ಎಂಟೋ ವರ್ಷ. ಕೇರಿಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ನನ್ನ ಅಪ್ಪನನ್ನೂ ಇಬ್ಬರು ಅತ್ತೆಯರನ್ನೂ ಹೊಟ್ಟೆಯಿಂದ ಈಚೆಗೆ ತೆಗೆದವಳು ಅವಳೇ. ಹಿತ್ತಿಲ ಬಾಗಿಲಿನಿಂದ ಬಂದು, ಕೊಟ್ಟಿಗೆಯ ಪಕ್ಕದಲ್ಲಿ ಹಾಸಿದ ಗೋಣಿಯ ಮೇಲೆ ಅಜ್ಜಿಯನ್ನು ಮಲಗಿಸಿಕೊಂಡು ನೀವುತ್ತಿದ್ದಳು. ಅಜ್ಜಿ ಅವಳೆದುರು ಅಳುತ್ತಿದ್ದಳು. ಅಜ್ಜಿ ಬೇರೆ ಯಾರ ಎದುರೂ ಅತ್ತಿದ್ದನ್ನು ನಾನು ನೋಡಿಲ್ಲ. ಹಣೆ ಒರೆಸಿ, ಎಬ್ಬಿಸಿ ಕೂರಿಸಿ ಅವಳು ಹೋದ ಮೇಲೆ ಅಜ್ಜಿ ಹಂಡೆಯ ನೀರು ತೋಡಿಕೊಂಡು ತಲೆಗೆ ಸುರಿದುಕೊಳ್ಳುತ್ತಿದ್ದಳು. ಮೈಗೆ ಹತ್ತಿದ ಎಣ್ಣೆ ಹೋಗಲಿ ಎಂದು ಸ್ನಾನ ಮಾಡುತ್ತಾಳೆ ಅಂದುಕೊಂಡಿದ್ದೆ. ಎಣ್ಣೆಗಲ್ಲ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ನೋವು ಬಂದಾಗ ಬೇಕಾದ ಕೈ, ನೋವು ಹೋದ ಮೇಲೆ ಬೇಡವಾಗುತ್ತಿತ್ತು. ಹುಟ್ಟುವ ಮಗುವನ್ನು ಮೊದಲು ಮುಟ್ಟುವವಳು ಅವಳು. ಆ ಮಗು ದೊಡ್ಡದಾಗಿ ಅವಳ ಕೈಯ ನೀರು ಕುಡಿಯುತ್ತಿರಲಿಲ್ಲ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಹೆರಿಗೆ ಮಾಡಿಸಿದವರು, ಉಳುಕು ತೆಗೆದವರು, ಮೂಳೆ ಕಟ್ಟಿದವರು ಊರ ಅಂಚಿನಲ್ಲಿ ಬದುಕಿದ ಜನ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಕೂಲಿ ಮಾಡಿಕೊಂಡೇ ಸಾವಿರಾರು ಹೆರಿಗೆ ಮಾಡಿಸಿದವರು. ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ತೀರಿಕೊಂಡದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಅಷ್ಟು ಕೊನೆಗಾದರೂ ಒಂದು ಕೈಗೆ ಗೌರವ ಸಂದಿತು. ಅಗರದ ನಮ್ಮ ಹಿತ್ತಿಲಿಗೆ ಬರುತ್ತಿದ್ದವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಸೂಲಗಿತ್ತಿ" ಅಂದರೆ ಸಾಕಾಗಿತ್ತು.

ಮಾರನೆಯ ದಿನ ನಡೆಯಬಲ್ಲೆ ಅನ್ನಿಸಿ ಗೌರೀಶ್ವರ ದೇವಸ್ಥಾನದವರೆಗೆ ಮೆಲ್ಲಗೆ ಹೋಗಿ ಬಂದೆವು. ಒಂದೇ ಕಲ್ಲಿನಲ್ಲಿ ಬಳೆಗೆ ಬಳೆ ಸೇರಿಸಿ ಕೊರೆದ ಸರಪಳಿಗಳಿಂದ ಬಳೆ ಮಂಟಪ ಎಂದು ಹೆಸರು ಬಂದದ್ದು ಇದರ ಮುಂದಿನ ಮಂಟಪಕ್ಕೆ. ಹದಿನಾಡಿನ ಮುದ್ದುರಾಜ 17ನೇ ಶತಮಾನದಲ್ಲಿ ಕಟ್ಟಿಸಿದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು, ಸಂಚಿಯ ಹೊನ್ನಮ್ಮನ ಊರು ಎಂದೆಲ್ಲ ತಂಗಿಗೆ ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಆದರೆ ಅವಳ ಮನಸ್ಸು ಮಸ್ಕತ್ತಿನಲ್ಲಿತ್ತು. ಮಂಟಪದ ಜಗಲಿಯ ಮೇಲೆ ಕೂತು ಗೆಳತಿ ಹೇಳಿದ್ದ ಇನ್ನೊಂದು ಸಂಗತಿ ಎತ್ತಿದಳು.

ಫಿಲಿಪೀನ್ಸಿನಲ್ಲಿ 1997ರಲ್ಲಿ ಒಂದು ಕಾನೂನು ಬಂತು. ನಾಟಿ ವೈದ್ಯವನ್ನೂ ಹಿಲೋಟನ್ನೂ ಅಧ್ಯಯನ ಮಾಡಿ ಬೆಳೆಸುವುದಕ್ಕೆ ಸರ್ಕಾರವೇ ಒಂದು ಸಂಸ್ಥೆ ಕಟ್ಟಿತು. ಅಲ್ಲಿಯ ಆರೋಗ್ಯ ಇಲಾಖೆ ಹತ್ತು ಗಿಡಗಳನ್ನು ಆರಿಸಿ ಇವು ಪರೀಕ್ಷೆಗೆ ನಿಂತವು, ಮನೆಯಲ್ಲಿ ಬೆಳೆಸಿ ಬಳಸಿ ಎಂದು ಜನಕ್ಕೆ ಹೇಳಿತು. ಪಟ್ಟಿಯಲ್ಲಿ ಬೆಳ್ಳುಳ್ಳಿ ಇದೆ, ಹಾಗಲ ಇದೆ, ಸೀಬೆ ಎಲೆ ಇದೆ. ಕೆಮ್ಮಿಗೆ ಲಗುಂಡಿ ಎಂಬ ಗಿಡದ ಎಲೆ ಇದೆ. ಅದರ ಮಾತ್ರೆ, ಸಿರಪ್ಪು ಈಗ ಅಲ್ಲಿಯ ಔಷಧದ ಅಂಗಡಿಗಳಲ್ಲೇ ಸಿಗುತ್ತವೆ. ತಂಗಿ ಮೊಬೈಲಿನಲ್ಲಿ ಗೆಳತಿ ಕಳಿಸಿದ್ದ ಲಗುಂಡಿಯ ಚಿತ್ರ ತೋರಿಸಿದಳು. ಒಂದು ತೊಟ್ಟಿಗೆ ಅಂಗೈ ಬಿಡಿಸಿದ ಹಾಗೆ ಐದು ನೀಳ ಎಲೆ, ಅಡಿಭಾಗ ಬೂದಿ ಬಳಿದಂತೆ ಬಿಳಿಚು, ತುದಿಯಲ್ಲಿ ನೀಲಿಯ ಸಣ್ಣ ಹೂಗೊಂಚಲು.

ಲಕ್ಕಿ ಗಿಡ. ಹಿಂದಿನ ಸಂಜೆ ನನ್ನ ಬೆನ್ನಿಗೆ ಬಿದ್ದ ಎಣ್ಣೆಯಲ್ಲಿ ಕುದಿದಿದ್ದ ಸೊಪ್ಪು. ಸುವರ್ಣಾವತಿಯ ದಂಡೆಯಲ್ಲಿ, ಕಾಲುವೆಯ ಏರಿಯ ಮೇಲೆ ಯಾರೂ ನೆಡದೆ ಬೆಳೆದಿರುವುದು. ಬಾಣಂತಿಯ ನೀರಿಗೆ ಹಾಕುವುದು, ಮೈಕೈ ನೋವಿಗೆ ಬಿಸಿ ಮಾಡಿ ಕಟ್ಟುವುದು, ಭತ್ತದ ಕಣಜಕ್ಕೆ ಹುಳು ಬೀಳದಿರಲೆಂದು ಒಣಗಿಸಿ ತುಂಬುವುದು. ಸಂಸ್ಕೃತದಲ್ಲಿ ನಿರ್ಗುಂಡಿ. ಲಗುಂಡಿ, ನಿರ್ಗುಂಡಿ ಎಂದು ತಂಗಿ ಎರಡು ಸಲ ಬಾಯಲ್ಲಿ ಹೇಳಿ ನೋಡಿದಳು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಸೋದರಮಾವ ಹುಣಸೆ ಮರದಿಂದ ಬಿದ್ದು ಮುಂಗೈ ಮುರಿದುಕೊಂಡಾಗ ಮೂಳೆ ಕಟ್ಟುವವರೊಬ್ಬರು ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ಬೆರಳು ಊದಿತು, ತಣ್ಣಗಾಯಿತು, ಕಪ್ಪಗಾಯಿತು. ವಾಸಿಯಾಗುವಾಗ ಹಾಗೇ ಆಗುತ್ತದೆ ಅಂದುಕೊಂಡು ಮನೆಯವರು ನಾಲ್ಕು ದಿನ ಸುಮ್ಮನಿದ್ದರು. ಮಾವ ಎರಡು ಬೆರಳು ಕಳೆದುಕೊಂಡರು. ಕಟ್ಟಿದವರ ಕೈಯಲ್ಲಿ ಪ್ರೀತಿ ಇರಲಿಲ್ಲ ಎಂದಲ್ಲ. ಎಲ್ಲಿಗೆ ತನ್ನ ವಿದ್ಯೆ ಮುಗಿಯಿತು ಅನ್ನುವುದು ಆ ಕೈಗೆ ಗೊತ್ತಿರಲಿಲ್ಲ. ತಂಗಿ ನನ್ನ ಹೆಬ್ಬೆರಳು ಎತ್ತಿಸಿ ನೋಡಿದ್ದಳಲ್ಲ, ಆ ನಾಲ್ಕು ಪ್ರಶ್ನೆ ಅಂದು ನಮ್ಮ ಮನೆಯಲ್ಲಿ ಕೇಳುವವರು ಇರಲಿಲ್ಲ. ಫಿಲಿಪೀನ್ಸಿನಲ್ಲೂ ಹಾಗೇ. ಹಿಲೋಟಿಗೆ ಮನ್ನಣೆ ಕೊಟ್ಟ ಸರ್ಕಾರವೇ 2008ರಿಂದ ಈಚೆಗೆ ಹೆರಿಗೆ ಮಾತ್ರ ಆಸ್ಪತ್ರೆಯಲ್ಲೇ ಆಗಲಿ ಎಂದಿತು. ಕೆಲವು ಊರಿನವರು ಮನೆಯ ಹೆರಿಗೆಗೆ ದಂಡವನ್ನೂ ಹಾಕಿದರು. ನಮ್ಮಲ್ಲೂ 2005ರ ನಂತರ ಆಶಾ ಕಾರ್ಯಕರ್ತೆಯರು ಬಂದು ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯತೊಡಗಿದರು. ತಾಯಂದಿರು ಉಳಿದರು. ಇದು ಒಳ್ಳೆಯದೇ ಆಯಿತು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬೆನ್ನ ಹಿಂದೆ ದಿಂಬು ಕೊಟ್ಟು ಕಾರಿನಲ್ಲಿ ಕೂರಿಸಿಕೊಂಡು ತಂಗಿ ಬೆಟ್ಟಕ್ಕೆ ಹೊರಡಿಸಿದಳು. ಗುಂಬಳ್ಳಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಸ್ವಲ್ಪ ನಿಲ್ಲಿಸಿದಳು. 1996ರಲ್ಲಿ ಸರ್ಕಾರ ಈ ಕೇಂದ್ರವನ್ನು ಕರುಣಾ ಟ್ರಸ್ಟಿಗೆ ನಡೆಸಲು ಕೊಟ್ಟಿತ್ತು. ಟ್ರಸ್ಟು ಹುಟ್ಟಿದ್ದು ಅದಕ್ಕೂ ಹತ್ತು ವರ್ಷ ಹಿಂದೆ, 1986ರಲ್ಲಿ, ಯಳಂದೂರು ತಾಲ್ಲೂಕಿನಲ್ಲಿ ಆಗ ಬಹಳ ಇದ್ದ ಕುಷ್ಠರೋಗದ ಕೆಲಸಕ್ಕಾಗಿ. ಆ ಕೆಲಸ ಶುರುವಾದದ್ದು ಎಲ್ಲಿಂದ ಎಂದು ತಂಗಿ ತನ್ನ ತೋಳಿನ ಮೇಲೆ ತೋರಿಸಿದಳು. ಮೈಮೇಲೆ ಬಿಳಿಚಿದ ಮಚ್ಚೆ ಇದ್ದರೆ ರೋಗಿ ಕಣ್ಣು ಮುಚ್ಚಬೇಕು, ಮಚ್ಚೆಯ ಮೇಲೆ ಹತ್ತಿಯ ಎಳೆ ಸೋಕಿಸಬೇಕು, ಎಲ್ಲಿ ಮುಟ್ಟಿದೆ ಹೇಳು ಎಂದು ಕೇಳಬೇಕು. ಗೊತ್ತಾಗದಿದ್ದರೆ ರೋಗ. ಕುಷ್ಠ ಮೊದಲು ಕಿತ್ತುಕೊಳ್ಳುವುದು ಮುಟ್ಟಿದ್ದು ತಿಳಿಯುವ ಶಕ್ತಿಯನ್ನು. ಆಮೇಲೆ ಊರಿನವರು ಮುಟ್ಟುವುದನ್ನೇ ಬಿಡುತ್ತಾರೆ.

ಈ ಸೀಮೆಯ ದೇವರೊಬ್ಬರು ಅಂಥ ಮೈಯಲ್ಲೇ ಬಂದವರು. ಧರೆಗೆ ದೊಡ್ಡವರಾದ ಮಂಟೇಸ್ವಾಮಿ ಶರಣರ ಕಲ್ಯಾಣಕ್ಕೆ ಹೋದದ್ದು ಕೊಳೆತ ಮೈಯ ತೊನ್ನು ಕುಷ್ಠದ ರೂಪದಲ್ಲಿ. ಬಾಗಿಲು ಕಾಯುವವರು ಒಳಗೆ ಬಿಡಲಿಲ್ಲ. ಕೊಳ್ಳೇಗಾಲದಾಚೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಗೆ ಸೇರುವ ಜಾತ್ರೆಯಲ್ಲಿ ನೀಲಗಾರರು ತಂಬೂರಿ ಮೀಟುತ್ತಾ ರಾತ್ರಿಯಿಡೀ ಆ ಕಥೆ ಹಾಡುವುದನ್ನು ಕೇಳಿದ್ದೇನೆ. ಮುಟ್ಟಲಾಗದ ಮೈಯನ್ನು ಯಾರು ಎತ್ತಿಕೊಳ್ಳುತ್ತಾರೆ ಅನ್ನುವುದೇ ಅದರಲ್ಲಿ ಪರೀಕ್ಷೆ. ಗುಂಬಳ್ಳಿಯ ಆ ಪುಟ್ಟ ಕಟ್ಟಡದ ಮುಂದೆ ನಿಂತಾಗ ಮೊದಲ ಸಲ ಆ ಕಥೆಯೂ ಹತ್ತಿಯ ಎಳೆಯೂ ನನ್ನ ತಲೆಯಲ್ಲಿ ಒಂದು ಕಡೆ ಬಂದು ಕೂತವು.

ಚೆಕ್‌ಪೋಸ್ಟು ದಾಟಿದರೆ ಕಾಡು. ಬಿಳಿಗಿರಿರಂಗ ಈ ಕಾಡಿನ ಜನರಾದ ಸೋಲಿಗರ ಕುಸುಮಾಲೆಯನ್ನು ಮದುವೆಯಾದ ಕಾರಣ ಸೋಲಿಗರಿಗೆ ರಂಗಭಾವ. 1981ರಲ್ಲಿ ಡಾ. ಎಚ್. ಸುದರ್ಶನ್ ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುಮಾಡಿದಾಗ ಕಾಡಿನಲ್ಲಿ ಔಷಧ ಇರಲಿಲ್ಲ ಎಂದು ತಿಳಿಯಬಾರದು. ಔಷಧ ಬಲ್ಲ ಸೋಲಿಗರಿದ್ದರು. ಕೂತ ಭಂಗಿಯಲ್ಲಿ ಹೆರುವ ಸೋಲಿಗ ಹೆಂಗಸರಿದ್ದರು, ಹಿಂದೆ ಕೂತು ಬೆನ್ನು ಸೊಂಟ ನೀವುವ ಹಿರಿಯರಿದ್ದರು.

ಯರಕನಗದ್ದೆ ಎಂಬ ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ತಂಗಿಗೆ ಪರಿಚಯದ ಹಿರಿಯರೊಬ್ಬರು ಸಿಕ್ಕರು. ನಾನು ಕಾರಿನಿಂದ ಇಳಿದ ಬಗೆ ನೋಡಿಯೇ ನಕ್ಕರು. ಏನು ಹಚ್ಚಿದ್ದಾರೆ ಎಂದು ಕೇಳಿ, ಲಕ್ಕಿ ಎಂದಾಗ ತಲೆಯಾಡಿಸಿದರು. ಕಾಡಿನ ಬೇರುಗಳ ಮಾತು ಬಂದಾಗ ಅವರ ದನಿ ಬದಲಾಯಿತು. ಮೊದಲು ಬೇಸಿಗೆ ಬಲಿಯುವ ಮುನ್ನ ತರಗು ಬೆಂಕಿ ಹಾಕುತ್ತಿದ್ದರು. ಒಣಗಿದ ಎಲೆ ಮಾತ್ರ ಸುಟ್ಟು ಹೋಗುವ, ಮರಕ್ಕೆ ತಾಗದ ತಣ್ಣನೆಯ ಬೆಂಕಿ. ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಆಳೆತ್ತರ ಬೆಳೆದು ಕಾಡಿನ ನೆಲವನ್ನೇ ಮುಚ್ಚಿತು. ನೆಲ್ಲಿ ಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಅಡರಿತು. 2011ರ ಜನವರಿಯಲ್ಲಿ ಹುಲಿ ಮೀಸಲಾಯಿತು, ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರವೂ ಬಂತು. "ಹಕ್ಕು ಬಂತು ಕನವ್ವ. ಬೇರು ಎಲ್ಲದೆ ಅಂತ ಗೊತ್ತಿರೋ ಕಣ್ಣು ಬೇಕಲ್ಲ. ನಮ್ ಹುಡುಗ್ರಿಗೆ ಆ ಪೊದೆವೊಳಗ ನುಗ್ಗಿ ತೋರ್ಸದಾದ್ರು ಹೆಂಗೆ" ಅಂದರು. ಔಷಧ ಅನ್ನುವುದು ಗಿಡದಲ್ಲಿ ಮಾತ್ರ ಇಲ್ಲ, ಗಿಡದವರೆಗೆ ಹೋಗುವ ದಾರಿಯಲ್ಲೂ ಇದೆ ಎಂದು ಅವರ ಜಗಲಿಯ ಮೇಲೆ ಕೂತಾಗ ನನಗೆ ತಿಳಿಯಿತು.

ಇಳಿಯುವ ದಾರಿಯಲ್ಲಿ ತಂಗಿ ತನ್ನ ಪಾಠದ ಮಾತೊಂದನ್ನು ಹೇಳಿದಳು. ತಿಂಗಳು ತುಂಬಿದಾಗಲೂ 100ರಲ್ಲಿ 3-4 ಮಕ್ಕಳು ತಿರುಗದೆ ತಲೆ ಮೇಲಾಗಿಯೇ ಕೂತಿರುತ್ತವೆ. 26 ದೇಶಗಳ 2,000ಕ್ಕೂ ಹೆಚ್ಚು ತಾಯಂದಿರನ್ನು ಸೇರಿಸಿ ಮಾಡಿದ ಒಂದು ದೊಡ್ಡ ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಅಂಥ ಮಕ್ಕಳಿಗೆ ಸಿಸೇರಿಯನ್ನೇ ಕ್ಷೇಮ ಎಂದು ಅದು ಹೇಳಿತು. ಅಲ್ಲಿಂದ ಮುಂದೆ ಜಗತ್ತಿನ ಬಹುಪಾಲು ಆಸ್ಪತ್ರೆಗಳು ಕಾಲು ಮುಂದಾದ ಮಗುವನ್ನು ಸಹಜವಾಗಿ ಹೆರಿಸುವುದನ್ನೇ ಬಿಟ್ಟವು. "ಅಂದರೆ ಅಕ್ಕ, ಮಸ್ಕತ್ತಲ್ಲಿ ನಾವಿಬ್ಬರೂ ಲೆಕ್ಕ ಹಾಕಿದ್ವಿ. ಇನ್ನು ಮುಂದೆ ಯಳಂದೂರಲ್ಲೂ ಇಲ್ಲ, ಬಟಾಂಗಾಸಲ್ಲೂ ಇಲ್ಲ. ಕಾಲು ಮುಂದಾಗಿ ಹುಟ್ಟೋರು ಇರೋದೇ ಇಲ್ಲ."

ಸಂಜೆ ಅಜ್ಜಿ ಬಂದಾಗ ಜೊತೆಯಲ್ಲಿ ಆರು ವರ್ಷದ ಒಂದು ಹುಡುಗಿ ಇದ್ದಳು. ಮೊಮ್ಮಗಳ ಮಗಳು. ಎರಡು ಜಡೆ, ಶಾಲೆಯ ನೀಲಿ ಲಂಗ. ಇವಳೂ ಹೊಟ್ಟೆಯಲ್ಲಿ ತಿರುಗಲೇ ಇಲ್ಲವಂತೆ. ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಕೇರಿಯಲ್ಲಿ ಆಗಿನಿಂದಲೂ ಜಗಳ. ಇವಳು ಕಾಲು ಮುಂದಾಗಿ ಹುಟ್ಟಿದವಳು ಹೌದೋ ಅಲ್ಲವೋ? ಹೊಟ್ಟೆ ಕೊಯ್ದು ತೆಗೆದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ?

"ನೀವೇನಂತೀರಜ್ಜಿ?" ತಂಗಿ ಕೇಳಿದಳು.

ಅಜ್ಜಿ ಸೀಸೆಯನ್ನು ಅಂಗೈಗಳ ನಡುವೆ ಹೊರಳಿಸಿ ಬೆಚ್ಚಗೆ ಮಾಡುತ್ತಿದ್ದರು. "ಕೂತಿದ್ದದ್ದು ಹಂಗೇ ಅಲ್ವಾ ಕೂಸೆ. ಯಾವ ಬಾಗ್ಲಲ್ಲಿ ಈಚೆಗ್ ಬಂದ್ರೇನು" ಅಂದರು.

ನನ್ನನ್ನು ಬೋರಲು ಮಲಗಿಸಿ ಬೆರಳಿನಲ್ಲಿ ಹುಡುಕಿದರು. ಬೆರಳು ಎಲ್ಲಿಯೂ ನಿಲ್ಲಲಿಲ್ಲ. ಆದರೂ ಎಣ್ಣೆ ಹಾಕಿ ಒಂದು ಸುತ್ತು ನೀವಿದರು. ಆಮೇಲೆ ಹುಡುಗಿಯನ್ನು ಕರೆದು, ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬಾ ಎಂದರು. ಓಡಿ ಹೋಗಿ ಓಡಿ ಬಂದಳು. ಒರೆಸಿಕೊಂಡಿರಲಿಲ್ಲ. ತಣ್ಣನೆಯ, ಒದ್ದೆಯಾದ, ಬಿರುಕಿಲ್ಲದ ಒಂದು ಪಾದ ನನ್ನ ಸೊಂಟದ ಮೇಲೆ ಬಂದು ನಿಂತಿತು. ಕಿಟಕಿಯ ಸರಳು ಅವಳಿಗೆ ಎಟುಕುವುದಿಲ್ಲ. ಅಜ್ಜಿಯ ಬೆರಳು ಹಿಡಿದುಕೊಂಡಿದ್ದಳು.

"ಮೇಲಿಂದ ಕೆಳಕ್ಕೆ. ಮೂರು ಸತಿ. ಎಣಿಸ್ಕೊ."

ಒಂದು ಅಂದಳು. ಪಾದ ಎಣ್ಣೆಯಲ್ಲಿ ಜಾರಿತು. ಎರಡು ಅಂದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಆಂಟಿ, ನೋಯ್ತದಾ?" ಎಂದು ಕೇಳಿದಳು. ಇಲ್ಲ ಅಂದೆ. ಅಷ್ಟರಲ್ಲಿ ಎಣಿಕೆ ಮರೆತುಹೋಗಿತ್ತು. ಅಜ್ಜಿಯ ಮುಖ ನೋಡಿದಳು. ಅಜ್ಜಿ ಏನೂ ಹೇಳಲಿಲ್ಲ. ಪಾದವನ್ನು ಎತ್ತಿ ಮತ್ತೆ ಮೇಲೆ ಇಟ್ಟು, ಒಂದರಿಂದ ಶುರುಮಾಡಿದಳು.